ತೊಳೆದು ಬಂದ ಕ್ಯಾರಿಯರ್

ಹಾಸನದ ಬಸ್‌ಸ್ಟ್ಯಾಂಡಿನ ಪಕ್ಕ ನನ್ನದೊಂದು ಬಾಳೆಹಣ್ಣಿನ ಅಂಗಡಿ ಇತ್ತು. ದಂಡಿಗನಹಳ್ಳಿಯಿಂದ ಬರಿಗೈಲಿ ಬಂದವನು ನಾನು. ಗೊನೆಯನ್ನು ಬೆರಳಲ್ಲಿ ಒತ್ತಿ, ಮಾರುವವನ ಮುಖವನ್ನು ಓದಿ, ಆಮೇಲೆ ದರದ ಮಾತಿಗೆ ಇಳಿಯುವುದನ್ನು ಕಲಿತೇ ಮೇಲೆ ಬಂದೆ. ನನ್ನ ಮುಂದೆ ಯಾರ ಸುಳ್ಳೂ ನಡೆಯುವುದಿಲ್ಲ ಎಂಬ ಜಂಬ ಇತ್ತು. ಅದು ಇಳಿದದ್ದು ಹೇಗೆ ಅಂತ ಹೇಳುತ್ತೇನೆ. ಮಕ್ಕಳನ್ನು ಬೇರೆ ಊರಿನಲ್ಲಿಟ್ಟು ಓದಿಸುವವರು ಸ್ವಲ್ಪ ಗಮನ ಕೊಟ್ಟು ಓದಿ.

ತೊಂಬತ್ತರ ದಶಕದ ಮಾತು. ಆಗ ಕಾಲೇಜು ಮಕ್ಕಳ ಮಧ್ಯಾಹ್ನದ ಊಟ ಊರಿಂದ ಬಸ್ಸಿನಲ್ಲಿ ಬರುತ್ತಿತ್ತು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಯಾವ ಕಡೆಯ ಬಸ್ ನೋಡಿದರೂ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕ್ಯಾರಿಯರ್‌ಗಳ ಸಾಲು. ಎಂಜಿನ್ ಕಾವಿಗೆ ಸಾರು ಆರುತ್ತಿರಲಿಲ್ಲ. ಕಂಡಕ್ಟರುಗಳು ಅವನ್ನು ತಂದು ನನ್ನ ಅಂಗಡಿಯ ಹಲಗೆ ಮೇಲೆ ಇಟ್ಟು ಹೋಗುವರು. ಮಕ್ಕಳು ಬಂದು ಒಯ್ದು, ಉಂಡು, ತಂದಿಡುವರು. ಸಂಜೆ ಖಾಲಿ ಕ್ಯಾರಿಯರ್ ಅದೇ ಬಸ್ಸಿಗೆ. ಊರಲ್ಲಿ ತಾಯಂದಿರು ಮೊದಲು ಅದನ್ನು ಬಿಚ್ಚಿ ನೋಡುತ್ತಿದ್ದರು. ಖಾಲಿ ಇದ್ದರೆ ಮಗು ಚೆನ್ನಾಗಿದೆ ಎಂದರ್ಥ. ಫೋನಿಲ್ಲದ ಮನೆಗಳಿಗೆ ಆ ಕ್ಯಾರಿಯರೇ ಕಾಗದ.

ಅರಕಲಗೂಡು ಬಸ್ಸಿನಲ್ಲಿ ಬರುವ ಒಂದು ಕ್ಯಾರಿಯರ್ ಹಿಡಿಗೆ ಕೆಂಪು ರವಿಕೆ ಬಟ್ಟೆಯ ಚೂರು ಸುತ್ತಿತ್ತು. ಅದು ಪಿಯುಸಿ ವಿಜ್ಞಾನಕ್ಕೆ ಸೇರಿದ್ದ ಒಬ್ಬ ಹುಡುಗಿಯದು. ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿ ಊರ ಹೈಸ್ಕೂಲಿಗೇ ಮೊದಲು ಬಂದವಳು. ಹಾಸನದಲ್ಲಿ ಇನ್ನಿಬ್ಬರ ಜತೆ ಬಾಡಿಗೆ ರೂಮಿನಲ್ಲಿದ್ದಳು. ತಂದೆ ಇರಲಿಲ್ಲ. ತಾಯಿಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಲ್ಲಿ ಕೂಲಿ.

ಸೇರಿದ ಹೊಸದರಲ್ಲಿ ಆ ಹುಡುಗಿ ನನ್ನ ಹತ್ತಿರವೇ ಚೌಕಾಸಿ ಮಾಡುತ್ತಿದ್ದಳು.

"ಇದೇನಣ್ಣ, ಎಲ್ಡು ಸೇರುದ್ರೂ ಒಂದು ಬಾಳೆಅಣ್ಣಾಗಲ್ಲ. ಇನ್ನೊಂದು ಆಕು."

"ಲೇ, ನನ್ನತ್ರನೇ ವ್ಯಾಪಾರ ಮಾಡ್ತೀಯೇನಮ್ಮಿ? ನಿಮ್ಮವ್ವ ನಿನ್ನ ಓದಕ್ಕೆ ಕಳ್ಸವ್ಳೋ, ಸಂತೆಗೋ?"

"ಎಲ್ಡಕ್ಕೂವೆ!" ಎಂದು ನಗುತ್ತಿದ್ದಳು. ನಾನು ಸೋತು ಇನ್ನೊಂದು ಹಣ್ಣು ಕೊಡುತ್ತಿದ್ದೆ.

ದಸರಾ ಕಳೆದ ಮೇಲೆ ಚೌಕಾಸಿ ನಿಂತಿತು. ಕೊಟ್ಟದ್ದನ್ನು ತೆಗೆದುಕೊಂಡು ತಲೆ ತಗ್ಗಿಸಿ ಹೋಗುವಳು. ದಿನಾ ಚೌಕಾಸಿ ಮಾಡುವ ಗಿರಾಕಿ ಸುಮ್ಮನಾದರೆ ಏನೋ ಆಗಿದೆ ಎಂದು ನನ್ನಂಥವನಿಗೆ ಹೊಳೆಯಬೇಕಿತ್ತು. ಪೇಟೆಗೆ ಬಂದು ಗಾಂಭೀರ್ಯ ಕಲಿತಳು ಅಂದುಕೊಂಡೆ. ಅದೇ ಹೊತ್ತಿಗೆ ಕೆಂಪು ಬಟ್ಟೆಯ ಕ್ಯಾರಿಯರ್ ತೊಳೆದು, ಒರೆಸಿ, ಫಳಫಳ ಹೊಳೆಯುತ್ತ ಬರತೊಡಗಿತು. ಮಿಕ್ಕವರದರಲ್ಲಿ ಮುದ್ದೆ ಅಂಟಿರುತ್ತಿತ್ತು. ನಾನು ಅವರನ್ನು ಬೈಯುತ್ತಿದ್ದೆ: "ಆ ಉಡ್ಗೀನ ನೋಡಿ ಕಲೀರ್ಲಾ. ನಿಮ್ಮ ಎಂಜ್ಲ ಅವ್ವಂದ್ರು ಉಜ್ಜಬೇಕಾ?"

ದೀಪಾವಳಿ ಕಳೆದು ಒಂದು ಬೆಳಿಗ್ಗೆ ಆ ತಾಯಿ ತಾನೇ ಕ್ಯಾರಿಯರ್ ಹಿಡಿದು ಬಂದಳು.

"ಅಣ್ಣೋ, ಅಬ್ಬಕ್ಕೆ ಬಂದಿದ್ಲು, ಮೊಕ ಇಷ್ಟಾಗೋಗದೆ. ಉಂಡ್ಯಾ ಮಗಾ ಅಂದ್ರೆ 'ಆಯ್ತು ಕಣವ್ವ' ಅಂತಾಳೆ, ಅಷ್ಟೇಯ. ಮದ್ಯಾನ್ಗಂಟ ಇಲ್ಲೇ ಕುಂತಿದ್ದು, ಅವ್ಳು ಉಣ್ಣಾದ ಒಂದ್ಸಲ ನೋಡ್ಕಂಡು ಓಗ್ಲಾ?"

ಸಲಹೆ ಕೊಡುವುದೆಂದರೆ ನನಗೆ ಮೊದಲಿನಿಂದಲೂ ಚಪಲ. "ಒಂದಗುಳೂ ಬಿಡಲ್ಲ ಕಣವ್ವ ನಿನ್ ಮಗ್ಳು. ದಿನಾ ನಾನೇ ನೋಡ್ತೀನಲ್ಲ. ಓದೋ ಮಕ್ಳು ಒಸಿ ಸಣ್ಣಾಯ್ತವೆ. ಸುಮ್ನೆ ಯಾಕೆ ಕೂಲಿ ಕಳ್ಕತೀಯ? ಬಸ್ ನಿಂತದೆ, ಅತ್ತಿ ಓಗು."

ಅವಳ ಮುಖ ಹಗುರಾಯಿತು. ಕೈಮುಗಿದು ಬಸ್ ಹತ್ತಿದಳು. ಒಳ್ಳೆಯ ಮಾತು ಹೇಳಿ ಕಳಿಸಿದೆ ಎಂದು ನನಗೂ ಸಮಾಧಾನ.

ಹತ್ತು ಹನ್ನೆರಡು ದಿನ ಕಳೆದಿರಬಹುದು. ಮಧ್ಯಾಹ್ನ ಕ್ಯಾರಿಯರ್‌ಗೆ ಕೈ ಚಾಚಿದ ಹುಡುಗಿ ಹಲಗೆಯ ಮುಂದೆಯೇ ಕುಸಿದಳು. ಓಡಿ ಹೋಗಿ ಎತ್ತಿಕೊಂಡೆ. ತೂಕ ನೋಡುವುದು ನನ್ನ ಕಸುಬು. ಅವಳಿದ್ದದ್ದು ಒಂದು ದೊಡ್ಡ ಗೊನೆಯಷ್ಟು ತೂಕ. ಬಸ್‌ಸ್ಟ್ಯಾಂಡ್ ಗುಡಿಸುವ ಮುದುಕಿ ಪೊರಕೆ ಬಿಟ್ಟು ಓಡಿಬಂದಳು.

"ಅಯ್ಯೋ ಸಾ, ಈ ಮಗೀನ ಊಟವ ದಿನಾ ನಾನೇ ಉಣ್ತಿವ್ನಲ್ಲ ಸಾ! 'ನಂಗೆ ಸೇರಾಕಿಲ್ಲ, ನೀನುಣ್ಣಜ್ಜಿ' ಅಂತ ಕೊಟ್ಬುಡಾದು. ನಲ್ಲೀಲಿ ತೊಳ್ದು ಕೊಡ್ತಿದ್ದೋಳೂ ನಾನೇಯ."

"ಯಾವಾಗ್ನಿಂದ?"

"ದಸರಾ ಕಳ್ದಾಗ್ನಿಂದ ಸಾ."

ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟಳು. ಯಾಕವ್ವ ಹಿಂಗೆ ಮಾಡ್ಕೊಂಡೆ ಅಂದೆ.

"ಪಾಠ ಒಂದೂ ತಿಳಿಯಾಕಿಲ್ಲ ಕಣಣ್ಣ. ಎಲ್ಲಾ ಇಂಗ್ಲಿಷು. ಕೇಳಿದ್ರೆ ಮಿಕ್ಕೋರು ನಗ್ತಾರೆ. ಕಾಲೇಜಿಗೆ ಓಗದೆ ಪಾರ್ಕಲ್ಲಿ ಕೂತಿರ್ತಿದ್ದೆ. ಅವ್ವ ಕತ್ಲಲ್ಲೇ ಎದ್ದು ಮುದ್ದೆ ಕಟ್ಟಿ ಕಳಿಸ್ತಾಳೆ. ಓದ್ದೆ ಇರೋಳು ಅದ ಎಂಗೆ ಉಣ್ಣಾದು? ರೂಮಲ್ಲೂ ಏನೂ ಗಂಟ್ಲಲ್ಲಿ ಇಳೀತಿರ್ನಿಲ್ಲ."

"ಅಂಗೇ ವಾಪಸ್ ಕಳ್ಸಿದ್ರೆ ನಿಮ್ಮವ್ವಂಗಾದ್ರೂ ಗೊತ್ತಾಗ್ತಿತ್ತಲ್ಲ?"

"ಅದ್ಕೇ ಕಳಿಸ್ನಿಲ್ಲ," ಎಂದು ಗೋಡೆಯ ಕಡೆ ತಿರುಗಿದಳು.

ಮಾರನೆಯ ದಿನ ಕಾಲೇಜಿಗೆ ಹೋದೆ. ನನಗೆ ಗೊತ್ತಿದ್ದ ಚೌಕಾಸಿಯನ್ನೆಲ್ಲ ಅಲ್ಲಿ ಮಾಡಿದೆ. ಕನ್ನಡದಲ್ಲಿ ಪಾಠವಿರುವ ಆರ್ಟ್ಸ್‌ಗಾದರೂ ಹಾಕಿ, ಹುಡುಗಿ ಜಾಣೆ ಎಂದೆ. ಗುಮಾಸ್ತರು ರಿಜಿಸ್ಟರು ತಿರುಗಿಸಿ ತೋರಿಸಿದರು: "ಹಾಜರಿನೇ ಇಲ್ವಲ್ಲ ಸ್ವಾಮಿ, ಈ ವರ್ಷ ಮುಗೀತು." ಒಂದೂವರೆ ತಿಂಗಳಿಂದ ಬಾರದವಳನ್ನು ಯಾಕೆ ಹುಡುಕಲಿಲ್ಲ ಎಂದು ಕೇಳಲು ಬಾಯಿ ತೆರೆದೆ. ದಿನಾ ಎದುರಿಗೇ ಕಂಡ ನಾನು ಮಾಡಿದ್ದೇನು ಎನ್ನಿಸಿ ಮುಚ್ಚಿಕೊಂಡೆ.

ಆಸ್ಪತ್ರೆಯಿಂದ ಬಿಟ್ಟ ದಿನ, ಕಂಡಕ್ಟರ್ ಕೈಲಿ ಸುದ್ದಿ ಮುಟ್ಟಿ ಬಂದಿದ್ದ ತಾಯಿ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಹುಡುಗಿ ಬಿದ್ದ ದಿನದ ಕ್ಯಾರಿಯರ್ ಹಲಗೆಯ ಮೂಲೆಯಲ್ಲಿ ಹಾಗೇ ಇತ್ತು. ಬಿಚ್ಚುವ ಧೈರ್ಯ ನನಗೆ ಬಂದಿರಲಿಲ್ಲ. ತಾಯಿ ಬಿಚ್ಚಿದಳು. ಮುದ್ದೆ ಬೂಸಲು ಹಿಡಿದಿತ್ತು.

"ಒಂದಗುಳೂ ಬಿಡಲ್ಲ ಅಂದಿದ್ರಿ ಅಲ್ವಾ ಅಣ್ಣ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮುಂದಿನ ವರ್ಷ ನಾನೇ ಸೇರಿಸ್ತೀನಿ, ಕಳಿಸವ್ವ ಅಂದೆ. ಬೇಡವೆಂದು ತಲೆಯಾಡಿಸಿ, ನಲ್ಲಿಯಲ್ಲಿ ಕ್ಯಾರಿಯರ್ ತೊಳೆದುಕೊಂಡು, ಮಗಳ ತೋಳು ಹಿಡಿದು ಬಸ್ ಹತ್ತಿದಳು. ಹುಡುಗಿ ಮತ್ತೆ ಓದಲಿಲ್ಲ. ತಾಯಿಯ ಜತೆ ಬ್ಯಾರನ್ನಿಗೆ ಹೋಗುತ್ತಾಳೆಂದು ಕಂಡಕ್ಟರ್ ಹೇಳಿದ. ಅಂಗಡಿಯ ಹಿಂದೆ ನಾನೊಂದು ಬೆಂಚು ಹಾಕಿಸಿ, ಇಲ್ಲೇ ಕೂತು ನನ್ನೆದುರಿಗೇ ಉಣ್ಣಬೇಕು ಎಂದು ಮಿಕ್ಕ ಮಕ್ಕಳಿಗೆ ತಾಕೀತು ಮಾಡಿದೆ. ಅದರಿಂದ ಅವಳಿಗೇನೂ ಉಪಯೋಗವಾಗಲಿಲ್ಲ.

ಎರಡು ಸಾವಿರ ಇಸವಿ ದಾಟಿ ಮೊಬೈಲ್ ಬಂತು, ಬಸ್ಸಿನಲ್ಲಿ ಕ್ಯಾರಿಯರ್ ಬರುವುದು ಕಡಿಮೆಯಾಯಿತು. ಈಗ ಎಲ್ಲರೂ ಫೋನಿನಲ್ಲಿ "ಊಟ ಆಯ್ತಾ" ಅಂತಾರೆ, ಮಕ್ಕಳು "ಆಯ್ತು" ಅಂತಾರೆ. ಆ "ಆಯ್ತು" ಕೂಡ ತೊಳೆದು ಕಳಿಸಿದ ಕ್ಯಾರಿಯರೇ, ನಂಬಬೇಡಿ. ಏನು ಸಾರು, ಯಾರ ಜತೆ ಕೂತೆ, ಇವತ್ತು ಯಾವ ಪಾಠ ತಿಳಿಯಲಿಲ್ಲ ಅಂತ ಕೆದಕಿ ಕೇಳಿ. ಆಗಲೂ ಅನುಮಾನ ಬಂದರೆ ಕೂಲಿ ಹೋದರೆ ಹೋಗಲಿ, ಹೋಗಿ ಎದುರಿಗೆ ಕೂತು ನೋಡಿ. ಯಾರಾದರೂ ಬುದ್ಧಿವಂತ ಅಂಗಡಿಯವನು ಬಸ್ ಹತ್ತು ಎಂದರೆ ಹತ್ತಬೇಡಿ.

ಮೈಸೂರಿನಲ್ಲಿ ಓದುತ್ತಿದ್ದ ನನ್ನ ಮಗಳೂ ಒಂದು ದಿನ ಹಾಗೇ "ಆಯ್ತಪ್ಪ" ಎಂದಳು. ಏನು ಸಾರು ಅಂದೆ. ತಡವರಿಸಿದಳು. ಗೊನೆ ಇಳಿಸುತ್ತಿದ್ದವರನ್ನು ಅಲ್ಲೇ ಬಿಟ್ಟು ಅಂಗಡಿ ಬಾಗಿಲು ಎಳೆದೆ. ಮೈಸೂರು ಬಸ್ ಹೊರಡುವುದರಲ್ಲಿತ್ತು.