ಸೋಮವಾರದ ಹಾಲು

ಸಿಸ್ಟರ್ ಅವರ ಬಲಗೈ ತೋರುಬೆರಳು ಎಂದೋ ಮುರಿದು ಕೊಕ್ಕೆಯಂತೆ ಬಾಗಿತ್ತು. ಅದಕ್ಕೆ ಹೆಬ್ಬೆರಳು ಸೇರಿಸಿ, ಬಳೆ ತೊಡಿಸಿದಂತೆ ನನ್ನ ಮಗಳ ತೋಳಿನ ಸುತ್ತ ಹಿಡಿದು ನೋಡುತ್ತಿದ್ದರು. ಮಗಳ ತೂಕ ಏರಿತೆಂದು ನಾನು ಹಿಗ್ಗಿದರೆ, "ತಕ್ಕಡಿ ಸುಳ್ಳು ಹೇಳ್ತದ ಬೇ. ಅದು ಹೊಟ್ಟ್ಯಾಗಿನ ನೀರಿನ ಭಾರ. ತೋಳು ನೋಡು" ಎನ್ನುತ್ತಿದ್ದರು.

ಮಗಳಿಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಲಿವರ್ ಕೆಟ್ಟಿತ್ತು. ಅದನ್ನು ಬದಲಿಸುವ ಶಸ್ತ್ರಚಿಕಿತ್ಸೆ ಆಗ ನಮ್ಮ ದೇಶಕ್ಕೇ ಹೊಸದು. ತಮ್ಮ ಲಿವರಿನ ತುಂಡು ಕೊಡಲು ಗಂಡ ದಿಲ್ಲಿಗೆ ಹೋಗಿ ಪರೀಕ್ಷೆಗಳ ನಡುವೆ ಸಿಕ್ಕಿಕೊಂಡಿದ್ದರು. ಅಷ್ಟರಲ್ಲಿ ಕೂಸು ಮೈ ಹಿಡಿಯಬೇಕು, ಇಲ್ಲವಾದರೆ ಶಸ್ತ್ರಚಿಕಿತ್ಸೆ ತಾಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಫಜಲಪುರದ ಮನೆಯಲ್ಲಿ ನಾನು, ಅತ್ತೆ, ಮೂಗಿಗೆ ನಳಿಕೆ ಹಾಕಿಸಿಕೊಂಡ ಮಗಳು. ಕೂಸಿನ ಹಳದಿ ಕಣ್ಣು ಕಂಡು, ಕಾಮಣಿ ಅಂಟುತ್ತದೆಂದು ಓಣಿಯವರು ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದರು. ಬರುತ್ತಿದ್ದವರು ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತರಾಗಿದ್ದ ಈ ಸಿಸ್ಟರ್ ಒಬ್ಬರೇ.

ಹಾಲಿಗೆ ಅವರು ಕೊಬ್ಬರಿ ಎಣ್ಣೆ ಬೆರೆಸಿದ ದಿನ ಅತ್ತೆ ಕೂಗಿಯೇ ಬಿಟ್ಟರು. "ತಲಿಗೆ ಹಚ್ಚೂದು ಹೊಟ್ಟಿಗೆ ಹಾಕ್ತೀಯೇನ ಬೇ? ಕಾಮಣಿಗೆ ಎಣ್ಣಿ ಅಂದ್ರ ವಿಷ!"

"ಮಂಗಳೂರ ಕಡಿ ಇದರಾಗೇ ಪಲ್ಯ ಮಾಡ್ತಾರ್ರಿ ಅಮ್ಮಾ. ಈ ಕೂಸಿಗೆ ಬ್ಯಾರೆ ಎಣ್ಣಿ ದಕ್ಕಂಗಿಲ್ಲ, ಇದು ದಕ್ಕತದ. ನೀವೂ ಒಂದ್ ಚಮಚ ಕುಡೀರಿ, ಬೈಯಾಕ ಶಕ್ತಿ ಬರ್ತದ."

ಮೂರು ತಾಸಿಗೊಮ್ಮೆ ಸಿರಿಂಜಿನಿಂದ ಹಾಲು ಇಳಿಸಬೇಕಿತ್ತು. "ಈಕಿ ಲಿವರಿನ್ಯಾಗ ಬುತ್ತಿ ಉಳಿಯಂಗಿಲ್ಲ. ಹೊತ್ತು ಮೀರಿದ್ರ ರಕ್ತದಾಗಿನ ಸಕ್ಕರಿ ಇಳೀತದ, ಮೀರಿಸಬ್ಯಾಡ" ಎಂದು ಅವರು ದಿನವೂ ಎಚ್ಚರಿಸುತ್ತಿದ್ದರು.

ನಾನು ಬಿ.ಎಸ್ಸಿ. ಓದಿದವಳು. ಆದರೂ ಜಿಡಗಾ ಮಠದ ಕಡೆ ಮುಖ ಮಾಡಿ ಮನಸ್ಸಿನಲ್ಲೇ ಹರಕೆ ಹೊತ್ತಿದ್ದೆ: ಶ್ರಾವಣದ ಸೋಮವಾರ ಲಿಂಗಪೂಜೆ ಮುಗಿಯುವ ತನಕ ತಾಯಿ ಮಗಳಿಬ್ಬರೂ ಏನೂ ಮುಟ್ಟುವುದಿಲ್ಲವೆಂದು. ಯಾರಿಗೂ ಹೇಳಲಿಲ್ಲ. ಆ ಸೋಮವಾರ ಅತ್ತೆ ಗೊಬ್ಬೂರಿಗೆ ಹೋಗಿದ್ದರು. ಬೆಳಗಿನ ಎರಡು ಹೊತ್ತಿನ ಹಾಲು ತಪ್ಪಿಸಿದೆ. ಪೂಜೆ ಮುಗಿಸಿ ನೋಡಿದರೆ ಮಗಳು ಬೆವರಿನಲ್ಲಿ ತೊಯ್ದಿದ್ದಳು. ಕರೆದರೆ ಕಣ್ಣು ಬಿಡಲಿಲ್ಲ. ಅವಳ ಕೈ ಎತ್ತಿದೆ, ಬಿತ್ತು.

ಆಗಲೇ ಸಿಸ್ಟರ್ ಒಳಗೆ ಬಂದರು.

"ಹಾಲು ಕಡೀಕ ಯಾವಾಗ ಹಾಕಿದ್ದಿ?"

"ನಸುಕಿನ್ಯಾಗ ಮೂರಕ್ಕ. ಇವತ್ತ ಸೋಮವಾರ... ಹರಕಿ ಇತ್ರಿ."

ಅವರು ಅಡುಗೆಮನೆಗೆ ಓಡಿದರು. ಸಕ್ಕರೆ ನೀರು ಕಲಸಿದರು, ನಳಿಕೆ ನೆಟ್ಟಗಿದೆಯೇ ನೋಡಿ ನಿಧಾನವಾಗಿ ಇಳಿಸಿದರು. "ಅಳಬ್ಯಾಡ. ಹೆಸರು ಹಿಡಿದು ಕರಿ." ಕರೆದೆ. ಎಷ್ಟು ಸಲವೋ ಕರೆದೆ. ರೆಪ್ಪೆ ಅದುರಿತು. ಆಮೇಲೆ ಅಳು. ಆ ಅಳುವಿಗೆ ಮುಂಚಿನ ಹೊತ್ತು ನನ್ನೊಳಗೆ ಈಗಲೂ ಮುಗಿದಿಲ್ಲ.

"ದೇವರಿಗೆ ಹಸಿದ ಕೂಸು ಬೇಕೇನ ಯವ್ವಾ?" ಅವರು ಅಂದದ್ದು ಅಷ್ಟೇ.

ಸಂಜೆ ಮರಳಿದ ಅತ್ತೆ ಬಾಡಿದ ಕೂಸನ್ನು ಕಂಡು ಏನಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಿಸ್ಟರ್, "ಮುಂಜಾನಿ ಹಾಲು ನಾ ಹಾಕೂದಿತ್ರಿ ಅಮ್ಮಾ. ತಡಾ ಮಾಡೀನಿ" ಎಂದರು. ಅತ್ತೆ ಬೈದರು. ನಾನು ಸುಮ್ಮನೆ ನಿಂತೆ. ತಿಂಗಳುಗಟ್ಟಲೆ ಅತ್ತೆ ಬಾಗಿಲಲ್ಲೇ, "ಇವತ್ತರ ಹೊತ್ತಿಗೆ ಬಂದೀಯೇನ?" ಎಂದು ಚುಚ್ಚುತ್ತಿದ್ದರು. "ಬಂದೀನ್ರಿ" ಎಂದು ಸಿಸ್ಟರ್ ನಗುತ್ತಿದ್ದರು.

ಮಗಳು ಮೈ ಹಿಡಿದಳು. ಶಸ್ತ್ರಚಿಕಿತ್ಸೆಯಾಗಿ ಬದುಕಿದಳು. ನಾವು ದಿಲ್ಲಿಯಿಂದ ಮರಳುವಷ್ಟರಲ್ಲಿ ಸಿಸ್ಟರ್ ಜೇವರ್ಗಿಯ ತಂಗಿಯ ಮನೆಯಲ್ಲಿ ತೀರಿಕೊಂಡಿದ್ದರು.

ಸುದ್ದಿ ಕೇಳಿ ಅತ್ತೆ, "ಛಲೋ ಹೆಣ್ಮಗಳು. ಅದೊಂದ್ ದಿನ ತಡಾ ಮಾಡಿದ್ಲು, ಅಷ್ಟ" ಎಂದರು.

ಆಗಲೂ ನಾನು ಬಾಯಿ ಬಿಡಲಿಲ್ಲ.