ಬಕವಾನ್ ದ್ವೀಪವನ್ನು ಬಿಟ್ಟುಕೊಡದ ಅಂಪೈರ್

ನಮ್ಮ ಫಿಲಿಪ್ಪೀನ್ಸಿನ ಸೈನಿಕ ಶಿಕ್ಷಣದಲ್ಲಿ ನಕ್ಷೆ ಬರೆದವರು ಹಲವರಿದ್ದಾರೆ, ಪಾಠ ಹೇಳಿದವರು ಅದಕ್ಕಿಂತ ಹೆಚ್ಚಿದ್ದಾರೆ. ಆದರೆ ಮೂವತ್ತೊಂದು ವರ್ಷಗಳ ಕಾಲ ತಪ್ಪದೆ ತಮ್ಮ ಮೇಲಧಿಕಾರಿಗಳನ್ನೇ ಸೋಲಿಸಿ, ಅದಕ್ಕೆ ಸಂಬಳವನ್ನೂ ಪಡೆದು, ಈಗ ಹಾರ ತುರಾಯಿಗಳೊಡನೆ ನಿವೃತ್ತರಾಗುತ್ತಿರುವವರು ಶ್ರೀ ಎಸ್ತಾನಿಸ್ಲಾವೊ ಮಗ್ತಿಬಾಯ್ ಅವರೊಬ್ಬರೇ. ಅವರ ಈ ಅಭಿನಂದನ ಗ್ರಂಥಕ್ಕೆ ಲೇಖನ ಬೇಕೆಂದು ಸಂಪಾದಕರು ಬಂದಾಗ, ಒಳ್ಳೆಯದನ್ನೇ ಬರೆಯಬೇಕೇ ಎಂದು ಕೇಳಿದೆ. "ಆದಷ್ಟು" ಎಂದರು. ಆದಷ್ಟು ಬರೆಯುತ್ತಿದ್ದೇನೆ.

ಎಲ್ಲರ ಬಾಯಲ್ಲೂ ಮಾಂಗ್ ತನಿಂಗ್, ಅಂದರೆ ತನಿಂಗ್ ಮಾಮ, ಆಗಿರುವ ಈ ಮಹನೀಯರು ಕಾವಿತೆ ಪ್ರಾಂತ್ಯದ ನಮ್ಮ ತರಬೇತಿ ಶಾಲೆಗೆ ನಕ್ಷೆಗಾರರಾಗಿ ಸೇರಿ, ಎರಡೇ ವರ್ಷದಲ್ಲಿ ಯುದ್ಧದಾಟದ ಕೋಣೆಯ ಅಂಪೈರ್ ಆದರು. ಭೂಪಟದಲ್ಲಿ ಎಲ್ಲೂ ಇಲ್ಲದ ಬಕವಾನ್ ಎಂಬ ದ್ವೀಪವನ್ನು ಹುಟ್ಟಿಸಿದವರು ಅವರೇ. ಮೇಜಿನ ತುಂಬ ಹರಡುವ ನಕ್ಷೆ, ಅದರ ಮೇಲೆ ಜನರ ಬದಲು ಬಣ್ಣಬಣ್ಣದ ಬಿಲ್ಲೆಗಳು, ಪಕ್ಕದಲ್ಲಿ ಕಡಲಿನ ಉಬ್ಬರ ಇಳಿತದ ಹೊತ್ತಿನ ಪಟ್ಟಿ. ಒಂದು ಕಡೆ ದೋಣಿಗಳಲ್ಲಿ ಬಂದು ದಡಕ್ಕೆ ನುಗ್ಗುವ ಮರೀನ್ ಪಡೆ, ಇನ್ನೊಂದು ಕಡೆ ತೆಂಗಿನ ಗುಡ್ಡದಲ್ಲಿ ಅಡಗಿದ ಗೆರಿಲ್ಲಾಗಳು. ಮರೀನರ ಬಲ ಐದು ಪಟ್ಟು. ಆದರೂ ಅವರು ಒಮ್ಮೆಯಾದರೂ ಗೆದ್ದದ್ದನ್ನು ನಾನು ಕಂಡಿಲ್ಲ, ಗೆದ್ದರೆಂದು ಕೇಳಿಯೂ ಇಲ್ಲ.

ವಿದ್ಯಾರ್ಥಿಯಾಗಿ ಮರೀನರ ಪಡೆ ನಡೆಸಿ ನಾನೇ ಮೂರು ಸಲ ಸೋತೆ. ಮೂರನೆಯ ಸಲವಂತೂ ಗುಡ್ಡ ಇನ್ನೇನು ಕೈಗೆ ಬಂತು ಎನ್ನುವಾಗ ಮಾಂಗ್ ತನಿಂಗ್ ಗಂಟೆ ಬಾರಿಸಿ ಸಂಜೆಯ ತಿಂಡಿಗೆ ಕರೆದರು. ನಾವು ಬಾಳೆಹಣ್ಣು ಸುತ್ತಿ ಕರಿದ ತುರೊನ್ ತಿಂದು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಗೆರಿಲ್ಲಾಗಳು ಕಾಡು ಸೇರಿದ್ದರು.

"ತಿಂಡಿ ಹೊತ್ತಲ್ಲೂ ಆಟ ನಡಿಯುತ್ತಾ? ಇದ್ಯಾವ ನ್ಯಾಯ?" ಎಂದು ಕೂಗಾಡಿದೆ.

"ಅವರಿಗೆ ತಿಂಡಿ ಎಲ್ಲಿ ಬರುತ್ತೆ ಸರ್? ಅದಕ್ಕೇ ಹೊರಟರು" ಎಂದರು.

ಅವರ ಉಪಕಾರಗಳಲ್ಲಿಯೂ ಇದೇ ಗುಣ. ಡೆಂಗಿ ಜ್ವರ ಬಂದು ನಾನು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ಒಂಬತ್ತು ದಿನವೂ ಮನೆಯಿಂದ ಮೀನಿನ ಹುಳಿಸಾರು ಹೊತ್ತು ತಂದವರು ಅವರೊಬ್ಬರೇ. ಆದರೆ ಚಮಚ ಕೈಗಿಡುವ ಮೊದಲು ನನ್ನ ಸೋಲಿನ ಕಾರಣಗಳ ಪಟ್ಟಿಯನ್ನು ಕೈಗಿಡುತ್ತಿದ್ದರು. ಜ್ವರ ಇಳಿದದ್ದು ಸಾರಿನಿಂದಲೋ ಸಿಟ್ಟಿನಿಂದಲೋ ನನಗೆ ಇಂದಿಗೂ ತಿಳಿಯದು.

ಕಾಲಾನಂತರ ನಾನು ಅದೇ ಶಾಲೆಯ ಮುಖ್ಯಸ್ಥನಾಗಿ ಬಂದೆ. ಕರ್ನಲ್ ಹುದ್ದೆಯಿಂದ ಮೇಲೇರಿ ಹೆಗಲ ಮೇಲೆ ಜನರಲ್ ದರ್ಜೆಯ ನಕ್ಷತ್ರ ಧರಿಸಲು ನನಗೆ ಅದೇ ಕಡೆಯ ವರ್ಷ; ತಪ್ಪಿದರೆ ಮನೆ. ಬಡ್ತಿಯ ಪಟ್ಟಿಗೆ ಸಹಿ ಹಾಕಬೇಕಾದ ಜನರಲ್ ಬಲಿಂಗಿತ್ ಅವರು ಯುದ್ಧದಾಟ ನೋಡಲು ಬರುತ್ತಾರೆಂದು ತಿಳಿದಾಗ ನಾನು ನಾಚಿಕೆ ಬಿಟ್ಟು ನಕ್ಷೆಯ ಕೋಣೆಗೆ ಹೋದೆ.

"ಮಾಂಗ್ ತನಿಂಗ್, ಒಂದೇ ಒಂದು ಸಲ ಮರೀನರು ಗೆಲ್ಲಲಿ. ನನ್ನ ನಕ್ಷತ್ರ ನಿಮ್ಮ ಕೈಯಲ್ಲಿದೆ."

"ಗೆಲ್ಲಬೇಡಿ ಅಂತ ಯಾರಂದ್ರು ಸರ್? ನಂದೇನೂ ತಕರಾರಿಲ್ಲ. ಸಮುದ್ರದ್ದು ನೋಡ್ಕೊಳ್ಳಿ."

"ಆ ಉಬ್ಬರ ಇಳಿತದ ಪಟ್ಟೀನ ಒಂದಿನ ಮುಚ್ಚಿಡಿ ಮಾರಾಯ್ರೇ!"

"ಮುಚ್ಚಿಟ್ರೆ ನೀರು ಏರುತ್ತಾ ಸರ್?"

ಗೋಡೆಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಆದರೆ ಆ ದಿನ ಜನರಲ್ ಸಾಹೇಬರು ತಾವೇ ಮರೀನ್ ಪಡೆ ನಡೆಸುವುದಾಗಿ ಹೇಳಿ ಕುಳಿತು, ನನ್ನತ್ತ ತಿರುಗಿ, "ಕಬಾಹುಗ್, ನೀನು ಗೆರಿಲ್ಲಾ ಆಗಯ್ಯ" ಎಂದುಬಿಟ್ಟರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಾನು ಸೋತರಾಯಿತು, ಸೋಲುವುದರಲ್ಲಿ ನನಗೆ ಅನುಭವಕ್ಕೇನು ಕೊರತೆ? ದಡದಲ್ಲಿದ್ದ ನನ್ನವರನ್ನೆಲ್ಲ ಗುಡ್ಡದ ಹಿಂದಕ್ಕೆ ಅಟ್ಟಿ, ಒಂದು ಕೋವಿಯೂ ಕಡಲ ಕಡೆ ಮುಖ ಮಾಡದಂತೆ ನೋಡಿಕೊಂಡೆ.

ಜನರಲ್ ಸಾಹೇಬರಿಗೆ ಐದಕ್ಕೆ ಹೊರಡಬೇಕಿತ್ತು. ಹಾಗಾಗಿ ಮೂರಕ್ಕೇ ದಾಳಿ ಎಂದರು. ಮಾಂಗ್ ತನಿಂಗ್ ಪಟ್ಟಿ ನೋಡಿದರು: ಪೂರ್ತಿ ಇಳಿತ. ದೋಣಿಗಳು ದಡಕ್ಕೆ ಮುನ್ನೂರು ಮೀಟರು ಇರುವಾಗಲೇ ಹವಳದ ದಿಬ್ಬಕ್ಕೆ ಸಿಕ್ಕಿಕೊಂಡವು. ಸೈನಿಕರು ಹೊರೆ ಹೊತ್ತು ದಿಬ್ಬದಾಚೆಯ ಆಳದ ನೀರಿಗಿಳಿದು ಮುಳುಗಿದರು. ಅಂಪೈರ್ ಒಂದೊಂದೇ ಬಿಲ್ಲೆಯನ್ನು ನಕ್ಷೆಯಿಂದ ಎತ್ತತೊಡಗಿದರು. ನಾನಿನ್ನೂ ಒಂದು ಗುಂಡೂ ಹಾರಿಸಿರಲಿಲ್ಲ.

"ನನ್ನ ಹುಡುಗರನ್ನ ಕೊಲ್ತಾ ಇರೋರು ಯಾರಯ್ಯ?" ಎಂದು ಜನರಲ್ ಗುಡುಗಿದರು.

"ಯಾರೂ ಇಲ್ಲ ಸರ್, ಸಮುದ್ರ. ಅಗೋ ಆ ಹಳದಿ ಬಿಲ್ಲೆ ನೋಡಿ, ದೋಣೀಲಿ ಗಾಳ ಹಾಕ್ಕೊಂಡು ಕೂತಿರೋ ಮುದುಕ. ನೀರು ಯಾವಾಗ ಏರುತ್ತೆ ಅಂತ ಅವನನ್ನ ಕೇಳಬಹುದಿತ್ತು. ನಿಯಮದಲ್ಲೇ ಬರೆದಿದೆ. ಇಷ್ಟು ವರ್ಷ ಆಯ್ತು, ಒಬ್ಬರೂ ಕೇಳಿಲ್ಲ."

ನನ್ನ ಕಿವಿ ಬಿಸಿಯಾಯಿತು. ನಾನು ಸಾಮಾರ್ ದ್ವೀಪದ ಬೆಸ್ತರ ಮಗ. ನೀರಿನ ಬಣ್ಣ ನೋಡಿ ಹೊತ್ತು ಹೇಳುತ್ತಿದ್ದ ಅಪ್ಪನ ಕೈತುತ್ತು ತಿಂದು ಬೆಳೆದವನು. ಆ ಹಳದಿ ಬಿಲ್ಲೆಯನ್ನು ಮೂರು ಸಲವೂ ಅಡ್ಡ ಬಂತೆಂದು ಬೆರಳಿನಿಂದ ಬದಿಗೆ ತಳ್ಳಿದ್ದೆ.

ಜನರಲ್ ಸಾಹೇಬರು ತುರೊನ್ ಮುಟ್ಟದೆ ಹೊರಟರು. ಡಿಸೆಂಬರಿನ ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ನಾಲ್ಕು ತಿಂಗಳು ನಾನು ಮಾಂಗ್ ತನಿಂಗ್ ಅವರ ಮುಖ ನೋಡಲಿಲ್ಲ. ಅವರು ಮಾತ್ರ ಏನೂ ನಡೆದೇ ಇಲ್ಲವೆಂಬಂತೆ ದಿನಾ ನಮಸ್ಕಾರ ಹೇಳುತ್ತಿದ್ದರು. ಇದಕ್ಕಿಂತ ಉರಿಸುವ ಸಂಗತಿ ಬೇರೆ ಉಂಟೇ?

ಏಪ್ರಿಲಿನಲ್ಲಿ ದಕ್ಷಿಣದ ಒಂದು ನಿಜವಾದ ದ್ವೀಪಕ್ಕೆ ನಿಜವಾದ ಮರೀನರು ಇಳಿಯಬೇಕಾಯಿತು. ಬೆಳಗಿನ ಐದಕ್ಕೆ ದಾಳಿ. ಮೊದಲ ದೋಣಿಯಲ್ಲಿ ಮೂವತ್ತಾರು ಮಂದಿ. ಆದೇಶಕ್ಕೆ ಸಹಿ ಹಾಕಲು ಲೇಖನಿ ಎತ್ತಿದ ಜನರಲ್ ಬಲಿಂಗಿತ್ ಅದನ್ನು ಕೆಳಗಿಟ್ಟು, "ಮೊದಲು ಅಲ್ಲಿಯ ಬೆಸ್ತನೊಬ್ಬನನ್ನ ಕರ್ಕೊಂಡು ಬನ್ನಿ" ಎಂದರಂತೆ. ಎಂಟೂವರೆಯ ತನಕ ದಿಬ್ಬದ ಮೇಲೆ ಮೊಣಕಾಲುದ್ದ ನೀರೂ ಇರುವುದಿಲ್ಲ ಎಂದ ಆತ. ದೋಣಿ ಎಂಟೂವರೆಗೆ ಹೋಯಿತು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮೂವತ್ತಾರು ಮಂದಿಯೂ ಮರಳಿ ಬಂದರು.

ಸುದ್ದಿ ತಿಳಿದು ನಾನು ನಕ್ಷೆಯ ಕೋಣೆಗೆ ಓಡಿ, ನಾಲ್ಕು ತಿಂಗಳ ಮೌನ ಮುರಿದು ಎಲ್ಲವನ್ನೂ ಹೇಳಿದೆ. ಮಾಂಗ್ ತನಿಂಗ್ ಆ ಕಡಲಿನ ಉಬ್ಬರ ಇಳಿತದ ಪಟ್ಟಿ ತೆಗೆದು ನೋಡಿ, "ಎಂಟೂಕಾಲಿಗೇ ಹೋಗಬಹುದಿತ್ತಲ್ಲ ಸರ್" ಎಂದರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅಂದಿನಿಂದ ಈ ಮನುಷ್ಯರ ಮೇಲೆ ನೆಟ್ಟಗೆ ಸಿಟ್ಟು ಮಾಡುವ ಸುಖವೂ ನನಗೆ ತಪ್ಪಿಹೋಯಿತು. ನಾನು ಕರ್ನಲ್ ಆಗಿಯೇ ನಿವೃತ್ತನಾದೆ.

ಆ ಮೂವತ್ತಾರು ಮಂದಿಯಲ್ಲಿ ಹನ್ನೊಂದು ಮಂದಿ ಈಗ ತಂದೆಯರಾಗಿದ್ದಾರೆ. ಅವರಲ್ಲಿ ಒಬ್ಬರಿಗೂ ಎಸ್ತಾನಿಸ್ಲಾವೊ ಮಗ್ತಿಬಾಯ್ ಎಂಬ ಹೆಸರು ಗೊತ್ತಿಲ್ಲ. ಅದಕ್ಕಾಗಿಯೇ ಇದನ್ನು ಬರೆದೆ; ಈ ಗ್ರಂಥದ ಮೂವತ್ತಾರು ಪ್ರತಿಗಳನ್ನು ನಾನೇ ಅಂಚೆಗೆ ಹಾಕುತ್ತೇನೆ. ಆ ಕೂಸುಗಳು ಬೆಳೆದು ಸೇನೆ ಸೇರುವ ತನಕ ಮಾಂಗ್ ತನಿಂಗ್ ಆಯುರಾರೋಗ್ಯದಿಂದ ಬಾಳಲಿ. ನಿವೃತ್ತಿಯನ್ನು ಬದಿಗಿಟ್ಟು ಆ ಮಕ್ಕಳನ್ನೂ ನಕ್ಷೆಯ ಮೇಲೆ ಒಬ್ಬೊಬ್ಬರನ್ನಾಗಿ ಸೋಲಿಸಿ ಮನೆಗೆ ಕಳಿಸಲಿ.