ಬಾಗಿನದಲ್ಲಿಟ್ಟ ಉಯಿಲು

ಹೆಗ್ಗನಹಳ್ಳಿಯ ಅಜ್ಜಿ ಮಹಡಿಯ ಮೆಟ್ಟಿಲು ಹತ್ತಿ ಬಾಡಿಗೆಯವರನ್ನು ಮಾತಾಡಿಸಿಕೊಂಡು ಹೋಗುತ್ತಾರೆ, ನಮ್ಮ ಮನೆಯೊಳಗೆ ಮಾತ್ರ ಯಾಕೆ ಬರುವುದಿಲ್ಲ ಎಂದು ನೀವು ಕೇಳಿದ್ದಿರಿ. ನಾನು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ. ಬಾಯಲ್ಲಿ ಹೇಳಲಾಗದ್ದನ್ನು ಬರೆದಿಡುತ್ತಿದ್ದೇನೆ.

ಆಕೆ ನನ್ನ ನಾದಿನಿ, ನಿಮ್ಮ ತಾತನ ಒಬ್ಬಳೇ ತಂಗಿ. ವಿಜಯನಗರದಲ್ಲಿ ಮೆಟ್ರೋ ಕಂಬಗಳು ಏಳುವ ಮೊದಲಿನ ಮಾತು. ಈ ಮನೆ ನನ್ನ ಅತ್ತೆಯ ಹೆಸರಿನಲ್ಲಿತ್ತು. ನಿಮ್ಮ ತಾತ ತೀರಿಕೊಂಡ ಮೇಲೆ ಅತ್ತೆ ವಕೀಲರನ್ನು ಮನೆಗೇ ಕರೆಸಿ ಉಯಿಲು ಬರೆಸಿದರು. ಕೆಳಗಿನ ಮನೆ ನನಗೆ, ಮೇಲಿನದು ಮಗಳಿಗೆ. ಅದನ್ನು ನಡೆಸಿಕೊಡಬೇಕಾದವಳೂ ನಾನೇ. ವಕೀಲರ ಮಾತಿನಲ್ಲಿ ಎಕ್ಸಿಕ್ಯೂಟರ್.

"ನನಗೂ ಪಾಲು ಕೊಟ್ಟು, ಹಂಚೋದೂ ನನ್ನ ಕೈಲೇ ಅಂದ್ರೆ ಜನ ಏನಂತಾರೆ ಅತ್ತೆ?" ಎಂದೆ.

"ಕಾನೂನಲ್ಲಿ ಅದಕ್ಕೇನೂ ಅಡ್ಡಿ ಇಲ್ಲಮ್ಮ" ಎಂದು ವಕೀಲರು ನಕ್ಕರು.

"ನನ್ನ ತಿಥಿ ದಿನ ಎಲ್ಲರ ಮುಂದೆ ಓದ್ಬಿಡು ಕಣೇ. ಇಸ್ಕೂಲಿಗೆ ಹೋದೋಳು ತಾನೇ ನೀನು?" ಎಂದರು ಅತ್ತೆ.

ಹೋಗಿದ್ದೆ, ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಎದ್ದು ನಿಂತು ಓದು ಎಂದರೆ ಅಲ್ಲೂ ಪುಸ್ತಕದ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಅತ್ತೆ ಹೋದ ಹನ್ನೊಂದನೆಯ ದಿನ ಶಾಮಿಯಾನದ ಕೆಳಗೆ ನೆಂಟರೆಲ್ಲ ಕೂತಿದ್ದರು. ಉಯಿಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಕೆಳಗಿನ ಮನೆ ಸೊಸೆಗೆ ಎಂಬುದನ್ನು ನನ್ನ ಬಾಯಿಂದಲೇ ಓದಬೇಕಲ್ಲ ಎಂದು ನಾಚಿಕೆಯಾಯಿತು. ಊಟವಾಗಲಿ ಅಂದುಕೊಂಡೆ. ಊಟವಾಯಿತು, ಜನ ಚದುರಿದರು. ಆಮೇಲೆ ನಾದಿನಿ ಬಂದಾಗಲೆಲ್ಲ ಇವತ್ತು ಹೇಳಬೇಕು ಅಂದುಕೊಂಡು, ಕಾಫಿ ಕೊಟ್ಟು ಕಳಿಸುತ್ತಿದ್ದೆ. ಮೇಲಿನ ಮನೆಯನ್ನು ಶುಕ್ರವಾರ ಶುಕ್ರವಾರ ಗುಡಿಸಿ ಬೀಗ ಹಾಕಿಡುತ್ತಿದ್ದೆ. ಅವಳದೆಂದೇ ಜೋಪಾನ ಮಾಡುತ್ತಿದ್ದೆ. ಅವಳಿಗೆ ಅದು ಹೇಗೆ ಗೊತ್ತಾಗಬೇಕು?

ಸಾವಿನ ವರ್ಷ ಹಬ್ಬವಿಲ್ಲ. ಮುಂದಿನ ಗೌರಿ ಹಬ್ಬಕ್ಕೆ ಅವಳಿಗೆ ತವರಿನ ಬಾಗಿನ ಹೋಗಬೇಕಿತ್ತು. ಗಂಡ ಇಲ್ಲದ ನಾನು ಕೊಡುವಂತಿಲ್ಲ. ಅದಕ್ಕೆ ನನ್ನ ಸೊಸೆ, ನಿಮ್ಮಮ್ಮ, ಮೊರ ಜೋಡಿಸಿದಳು. ಬಾಗಿನದ ಜೊತೆ ತವರಿನ ಪಾಲೂ ಹೋದರೆ ಒಳ್ಳೆಯದಲ್ಲವೇ ಎನಿಸಿತು. ಮಾತಾಡುವ ಕಷ್ಟವೂ ತಪ್ಪುತ್ತಿತ್ತು. ನಿಮ್ಮಮ್ಮ ಸೀರೆ ಉಡಲು ಒಳಗೆ ಹೋದಾಗ, ಬಳೆ, ರವಿಕೆ ಕಣಗಳ ಕೆಳಗೆ ಉಯಿಲನ್ನೂ ಮೇಲಿನ ಮನೆಯ ಬೀಗದ ಕೈಯನ್ನೂ ಇಟ್ಟು ಇನ್ನೊಂದು ಮೊರ ಮುಚ್ಚಿದೆ. ಅವಳು ತಿಳಿಯದೆ ಕೊಟ್ಟು ಬಂದಳು.

ಸಂಜೆ ನಾದಿನಿ ಬಾಗಿನ ಹೊತ್ತುಕೊಂಡೇ ಬಂದು ಗೇಟಿನ ಹೊರಗೆ ನಿಂತಳು.

"ಮುತ್ತೈದೆ ಬಾಗಿನದಲ್ಲಿ ಸತ್ತೋರ ಕಾಗದ ಇಟ್ಟಿದೀರಲ್ಲ ಅತ್ತಿಗೆ! ನನ್ನ ಗಂಡನೂ ಹೋಗ್ಲಿ ಅಂತಲಾ?"

"ಇಲ್ಲ ಕಣೇ, ನಿನ್ನ ಪಾಲು..."

"ವರ್ಷಗಟ್ಲೆ ಬಚ್ಚಿಟ್ಟಿದ್ರಿ. ಇನ್ನೇನೇನು ಬರೆದಿತ್ತೋ, ಯಾವ ಹಾಳೆ ಒಲೆಗೆ ಹೋಯ್ತೋ! ಹಂಚೋರೂ ನೀವೇ, ತಗೊಳ್ಳೋರೂ ನೀವೇ. ಯಾರನ್ನ ಕೇಳ್ಲಿ ನಾನು?"

ವಕೀಲರ ಹತ್ತಿರ ಇನ್ನೊಂದು ಪ್ರತಿ ಇದೆ, ನೋಡು ಎನ್ನಬೇಕಿತ್ತು. ಅವಳು ಮೊರವನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು, ಕಾಗದ ಮತ್ತು ಬೀಗದ ಕೈ ಮಾತ್ರ ತೆಗೆದುಕೊಂಡು ಹೋದಳು.

ಮುಂದಿನ ತಿಂಗಳು ನಿಮ್ಮಪ್ಪ ಆ ಪ್ರತಿಯನ್ನು ಒಯ್ದು ತೋರಿಸಿದ. ಓದಿ "ಸರಿ" ಎಂದಳಂತೆ. ಅಷ್ಟೇ. ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟಳು, ಕೆಳಗೆ ಮಾತ್ರ ಕಾಲಿಡಲಿಲ್ಲ.

ಈಗಲೂ ಪ್ರತಿ ಗೌರಿಗೆ ನಿಮ್ಮಮ್ಮ ಬಾಗಿನ ಕಳಿಸುತ್ತಾಳೆ. ಮೇಲಿನ ಮೊರ ತೆರೆಯದೆ ಅದು ವಾಪಸ್ ಬರುತ್ತದೆ. ಮಾರನೆಯ ದಿನ ಬಾಗಿನದ ಅಕ್ಕಿಯಲ್ಲೇ ಅನ್ನ ಮಾಡುತ್ತೇನೆ. ನೀವೂ ಉಂಡಿದ್ದೀರಿ.